ಏನ್ ಉಪಯೋಗ ಅಂತ ಕೇಳಿದ ಬೀಗರಿಗೆ

ಮದುವೆ ಊಟ ಜೀರ್ಣ ಆಯ್ತು, ಆ ಮಾತು ಇನ್ನೂ ಆಗಿಲ್ಲ. ಅದಕ್ಕೇ ಈ ಹೊತ್ತಲ್ಲಿ ಬರೀತಾ ಕೂತಿದ್ದೀನಿ. ಉದ್ದ ಆಗುತ್ತೆ, ಪುರುಸೊತ್ತು ಇದ್ದವರು ಓದಿ.

ನಿನ್ನೆ ದಾವಣಗೆರೆಯಲ್ಲೇ ನೆಂಟರ ಮದುವೆ. ಎರಡನೇ ಪಂಕ್ತಿ. ನನ್ನ ಪಕ್ಕ ಅಕ್ಕನ ಮಗಳು, ಎದುರು ಸಾಲಲ್ಲಿ ದೂರದ ಬೀಗರೊಬ್ಬರು. ಗರಿಗರಿ ಬಿಳಿ ಅಂಗಿ, ಜೇಬಲ್ಲಿ ಎರಡು ಫೋನು. "ಏನವ್ವಾ, ಈಗ ಏನ್ ಓದ್ತೀಯ?" ಅಂದರು. ಪಿಎಚ್‌ಡಿ ಅಂದಳು. ಯಾವುದರ ಮೇಲೆ? ಹಡಗು ಬಂದು ಸೇತುವೆ ಕಂಬಕ್ಕೆ ಗುದ್ದಿದರೆ ಏನಾಗುತ್ತೆ, ಅದರ ಮೇಲೆ.

ಇಡೀ ಸಾಲು ನಕ್ಕಿತು. "ದಾವಣಗೆರ‍್ಯಾಗೆ ಹಡಗು ಎಲ್ಲೈತವ್ವಾ? ಸೂಳೆಕೆರೆಗೆ ಬಿಡ್ತೀಯೇನು?" ಇಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ನಕ್ಕು ಹೋಳಿಗೆ ಕಡೆ ತಿರುಗ್ತಿದ್ದೆ. ಸೂಳೆಕೆರೆ ಮಾತು ಚೆನ್ನಾಗೇ ಇತ್ತು. ಆದರೆ ತುಪ್ಪ ಹಾಕಿಸಿಕೊಳ್ತಾ ಇನ್ನೊಂದು ಬಿಟ್ಟರು ನೋಡಿ: "ಅದರಿಂದ ಏನ್ ಉಪಯೋಗ?"

ಹುಡುಗಿಗೆ ಸಿಟ್ಟೇ ಬರಲಿಲ್ಲ. ನನ್ನ ಎಲೆಯ ಮಿರ್ಚಿ ಎತ್ತಿಕೊಂಡು, ತನ್ನದರ ಎದುರು ಮೂತಿಗೆ ಮೂತಿ ಇಟ್ಟಳು. "ಸಮುದ್ರದಲ್ಲಿ ಹಿಂಗೆ ಎದುರುಬದುರು ಬಂದರೆ ಇಬ್ಬರೂ ತಂತಮ್ಮ ಬಲಕ್ಕೆ ತಿರುಗಬೇಕು ಮಾಮ. ನಮ್ಮ ರಸ್ತೆಗೆ ಉಲ್ಟಾ." 1956ರ ಜುಲೈ 25ರ ರಾತ್ರಿ ಅಮೆರಿಕದ ಹತ್ತಿರ ಆಂಡ್ರಿಯಾ ಡೋರಿಯಾ, ಸ್ಟಾಕ್‌ಹೋಮ್ ಅಂತ ಎರಡು ಹಡಗು ಮಂಜಿನಲ್ಲಿ ಎದುರಾದವಂತೆ. ಎರಡರಲ್ಲೂ ರೇಡಾರ್ ಇತ್ತು. ಇವರಿಗೆ ಅವರು ಕಾಣ್ತಿದ್ದರು, ಅವರಿಗೆ ಇವರು. ಒಬ್ಬ ಬಲಕ್ಕೆ ತಿರುಗಿಸಿದ, ಇನ್ನೊಬ್ಬ ಎಡಕ್ಕೆ. ಒಂದು ಮಿರ್ಚಿಯ ಹೊಟ್ಟೆಗೆ ಇನ್ನೊಂದರ ಮೂತಿ ಚುಚ್ಚಿ ತೋರಿಸಿದಳು. 51 ಜನ ಸತ್ತರು.

"ದೊಡ್ಡ ಹಡಗಿಗೆ ಲಾರಿ ಥರ ಬ್ರೇಕ್ ಇರಲ್ಲ. ನಿಲ್ಲೋಕೆ ಕಿಲೋಮೀಟರ್‌ಗಟ್ಟಲೆ ಬೇಕು," ಅಂದಳು. 2024ರ ಮಾರ್ಚ್‌ನಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಸುಮಾರು 300 ಮೀಟರ್ ಉದ್ದದ ಡಾಲಿ ಅನ್ನೋ ಹಡಗಿಗೆ ಕರೆಂಟ್ ಹೋಯ್ತು. ಸೀದಾ ಹೋಗಿ ಸೇತುವೆ ಕಂಬಕ್ಕೆ ಗುದ್ದಿತು. ಅದರಲ್ಲಿದ್ದ ಸಿಬ್ಬಂದಿ ಬಹುತೇಕ ನಮ್ಮ ಭಾರತದವರೇ. ಹಡಗಿನಿಂದ ಹೋದ ಎಚ್ಚರಿಕೆ ಕೇಳಿ ಪೊಲೀಸರು ವಾಹನ ತಡೆದರು. ಆದರೂ ಸೇತುವೆ ಮೇಲೆ ಗುಂಡಿ ಮುಚ್ಚುತ್ತಿದ್ದ ಆರು ಕೂಲಿಯವರು ಹೋದರು. ಆ ಸೇತುವೆ 1977ರದ್ದು. ಅಷ್ಟು ದೊಡ್ಡ ಹಡಗು ಬರುತ್ತೆ ಅಂತ ಕಂಬ ಕಟ್ಟಿದವರು ಅಂದುಕೊಂಡಿರಲಿಲ್ಲ. ಹುಡುಗಿ ಲೆಕ್ಕ ಹಾಕ್ತಿರೋದು ಅದನ್ನೇ. ಲೆಕ್ಕ ಹಾಕೋಕೆ ಕಂಪ್ಯೂಟರ್ ಸಾಕು, ಮನೆ ಮುಂದೆ ಸಮುದ್ರ ಬೇಕಿಲ್ಲ.

ಬೀಗರು ಕೇಳಿಸಿಕೊಂಡರೋ ಇಲ್ಲವೋ, ಕಣ್ಣು ಮಿರ್ಚಿ ಮೇಲೇ ಇತ್ತು. ಕೊನೆಗೆ, "ಅದೆಲ್ಲಾ ಅವರ ದೇಶಕ್ಕಾಯ್ತು, ನಮಗೇನ್ ಉಪಯೋಗ?" ಮತ್ತೆ ಅದೇ! 2017ರ ಜನವರಿಯಲ್ಲಿ ಚೆನ್ನೈ ಪಕ್ಕದ ಎನ್ನೂರಿನಲ್ಲಿ ಎರಡು ಹಡಗು ಗುದ್ದಿ, ದಡಕ್ಕೆ ಬಂದ ಎಣ್ಣೆಯನ್ನ ಜನ ಬಕೆಟ್‌ನಲ್ಲಿ ಮೊಗೆದು ಮೊಗೆದು ಹಾಕಿದ್ದು ಟಿವಿಯಲ್ಲಿ ನೋಡಿರಲಿಲ್ಲವಾ ಇವರು?

ಸರಿ, ಬೀಗರ ಪರವಾಗಿ ನಾನೇ ವಾದ ಮಾಡ್ತೀನಿ. ಬಡ ದೇಶ, ಸರ್ಕಾರದ ದುಡ್ಡು, ಮೊದಲು ನಮ್ಮ ರೈತರಿಗೆ ಬೇಕಾದ್ದು ಕಂಡುಹಿಡೀಲಿ. ಅವರೂ ಇದನ್ನೇ ಅಂದರು: "ಅಡಿಕೆ ಮೇಲೆ ಮಾಡಲಿ ಬೇಕಾದ್ರೆ." ಸ್ವಾಮಿ, ಅಡಿಕೆ ಮೇಲೂ ಸಂಶೋಧನೆ ಆಗಿದೆ. 2004ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅದನ್ನ ಯಾವ ಪಟ್ಟಿಗೆ ಸೇರಿಸಿತು ಅಂತ ಹೇಳಿದ್ದರೆ ನೀವು ಎಲೆ ಬಿಟ್ಟು ಎದ್ದು ಹೋಗ್ತಿದ್ದಿರಿ. ಎಂಟು ಎಕರೆ ತೋಟ ಅಲ್ವಾ ನಿಮ್ಮದು? ಬಾಯಿ ತುದಿಗೆ ಬಂದಿತ್ತು. ಅಕ್ಕ ಕಣ್ಣು ಬಿಟ್ಟಳು, ನುಂಗಿಕೊಂಡೆ.

ಕ್ಯಾನ್ಸರ್ ಅಂದ ಮೇಲೆ ಒಂದು ವಿಷಯ ಹೇಳಿಬಿಡ್ತೀನಿ. ಹೋದ ವರ್ಷ ಆರು ತಿಂಗಳು ನಾನು ಇಲ್ಲಿ ಕಾಣಿಸಲಿಲ್ಲ. ಕೇಳಿದವರಿಗೆಲ್ಲ ಮೊಣಕಾಲು ಅಂದಿದ್ದೆ. ಸುಳ್ಳು. ಮೂತ್ರದಲ್ಲಿ ರಕ್ತ ಬರ್ತಿತ್ತು. ನೋವಿಲ್ಲ, ಉರಿಯಿಲ್ಲ. ಉಷ್ಣ ಅಂದುಕೊಂಡು ಎರಡು ತಿಂಗಳು ಎಳನೀರು, ಬಾರ್ಲಿ ನೀರು ಕುಡಿದೆ. ನೋವಿಲ್ಲದ ರಕ್ತಕ್ಕೇ ಜಾಸ್ತಿ ಹೆದರಬೇಕು ಅಂತ ಆಮೇಲೆ ತಿಳೀತು. ಮೂತ್ರಕೋಶದ ಕ್ಯಾನ್ಸರ್. ಮೂವತ್ತು ವರ್ಷ ಸೇದಿದ ಸಿಗರೇಟು. ಅದರ ವಿಷ ಕಿಡ್ನಿಯಲ್ಲಿ ಸೋಸಿ ಮೂತ್ರದ ಜೊತೆ ಅಲ್ಲೇ ನಿಲ್ಲುತ್ತಂತೆ. ನಾನು ಶ್ವಾಸಕೋಶದ ಎಕ್ಸ್‌ರೇ ತೆಗೆಸಿ ಆರಾಮಾಗಿದ್ದೆ.

ಗಡ್ಡೆ ಕೆರೆದು ತೆಗೆದ ಮೇಲೆ ಕೊಟ್ಟ ಔಷಧ ಯಾವುದು ಗೊತ್ತಾ? ಬಿಸಿಜಿ. ಹೌದು, ಮಕ್ಕಳಿಗೆ ತೋಳಿಗೆ ಹಾಕೋ ಟಿಬಿ ಲಸಿಕೆಯದ್ದೇ! ಹಸುವಿನ ಟಿಬಿ ಕ್ರಿಮಿಯನ್ನ ಫ್ರಾನ್ಸ್‌ನಲ್ಲಿ ಇಬ್ಬರು 13 ವರ್ಷ ಸಾಕಿ ಸಾಕಿ ಸೌಮ್ಯ ಮಾಡಿದ್ದು. 1921ರಲ್ಲಿ ಮೊದಲು ಮಗುವಿಗೆ ಕೊಟ್ಟರು. ಮೂತ್ರಕೋಶಕ್ಕೂ ಅದಕ್ಕೂ ಏನ್ ಸಂಬಂಧ? 1976ರಲ್ಲಿ ಕೆನಡಾದ ಡಾಕ್ಟರ್ ಮೊರಾಲೆಸ್ ಒಂಬತ್ತು ರೋಗಿಗಳಿಗೆ ಅದನ್ನ ಮೂತ್ರಕೋಶಕ್ಕೇ ಬಿಟ್ಟು ನೋಡಿದ ವರದಿ ಪ್ರಕಟಿಸಿದರು. ವಾರಕ್ಕೊಂದರಂತೆ ಆರು ವಾರ. ಯಾಕೆ ಆರು? ಲಸಿಕೆಯ ಪೆಟ್ಟಿಗೆಯಲ್ಲಿ ಆರು ಸೀಸೆ ಬರ್ತಿದ್ದವಂತೆ, ಅದಕ್ಕೆ. ಇವತ್ತಿಗೂ ಆರೇ. ನಾನೂ ಆರು ವಾರ ಹಾಕಿಸಿಕೊಂಡೆ. ಎರಡು ಗಂಟೆ ತಡೆದುಕೊಂಡಿರಬೇಕು. ಆಮೇಲೆ ಕಮೋಡಿಗೆ ಬ್ಲೀಚ್ ಸುರಿದು ಕಾಲು ಗಂಟೆ ಬಿಟ್ಟು ನೀರು ಬಿಡಬೇಕು. ಮನೆಯಾಕೆ ಬಚ್ಚಲ ಬಾಗಿಲ ಹೊರಗೆ ಗಡಿಯಾರ ಹಿಡಿದು ನಿಂತಿರ್ತಿದ್ದಳು. ಆ ಫ್ರಾನ್ಸ್‌ನವರನ್ನ ಯಾರಾದರೂ ಮದುವೆ ಪಂಕ್ತಿಯಲ್ಲಿ ಕೂರಿಸಿಕೊಂಡು "ಹಸು ಕ್ರಿಮಿಯಿಂದ ಏನ್ ಉಪಯೋಗ" ಅಂತ ಕೇಳಿದ್ದರೆ ಏನು ಹೇಳ್ತಿದ್ದರೋ.

ಇನ್ನೊಂದಿದೆ. ಇದನ್ನ ಬರೀಲೋ ಬೇಡವೋ ಅಂತ ಅರ್ಧ ಗಂಟೆ ಸುಮ್ನೆ ಕೂತಿದ್ದೆ.

ತಮ್ಮನ ಮಗ ಬೆಂಗಳೂರಲ್ಲಿ ಬಿಸಿನೆಸ್ ಪ್ರಾಸೆಸ್ ಮ್ಯಾನೇಜ್‌ಮೆಂಟ್ ಅಂತ, ಅಂದ್ರೆ ಒಂದು ಕೆಲಸ ಕೈಯಿಂದ ಕೈಗೆ ಹೇಗೆ ಸಾಗುತ್ತೆ ಅಂತ ನೋಡಿ ಸರಿಮಾಡೋ ಸಂಶೋಧನೆಗೆ ಸೇರಿದಾಗ, ಯುಗಾದಿ ದಿನ ಎಲ್ಲರ ಮುಂದೆ ನಾನೇ ಅಂದಿದ್ದೆ: "ಗುಮಾಸ್ತಿಕೆಗೆ ಇಂಗ್ಲಿಷ್ ಹೆಸರು. ನಾನು 31 ವರ್ಷ ಮಾಡಿದ್ದೀನಿ. ಏನೋ ಉಪಯೋಗ ಅದರಿಂದ?" ಹುಡುಗ ತಲೆ ತಗ್ಗಿಸಿ ಹೋಳಿಗೆ ಮುರಿದ.

ನನ್ನ ಬಯಾಪ್ಸಿ ರಿಪೋರ್ಟ್ ತಡ ಆದಾಗ ಬಂದವನು ಅವನೇ. ಆಸ್ಪತ್ರೆ ಹೆಸರು ಬೇಡ. ಬಿಲ್ಲು, ಚೀಟಿ ಎಲ್ಲದರ ತಾರೀಖು ಹಿಡಿದು ಸ್ಕ್ಯಾನ್ ಕವರಿನ ಹಿಂದೆ ಚೌಕ, ಬಾಣ ಬರೆದ. ರಿಪೋರ್ಟ್ ತಯಾರಾಗೋಕೆ 6 ದಿನ. ತಯಾರಾಗಿ ಟ್ರೇಯಲ್ಲಿ ಬಿದ್ದಿದ್ದು 19 ದಿನ. ಕಂಪ್ಯೂಟರಿನಲ್ಲಿ ಉಳಿದಿರೋ ಹೊತ್ತು ಗಳಿಗೆ ನೋಡಿ ಕೆಲಸ ನಿಜವಾಗಿ ಯಾವ ದಾರಿ ಹಿಡಿದು ಎಲ್ಲಿ ನಿಂತಿತು ಅಂತ ಪತ್ತೆ ಮಾಡೋದಕ್ಕೆ ಪ್ರಾಸೆಸ್ ಮೈನಿಂಗ್ ಅಂತಾರಂತೆ. ಯಾರ ತಪ್ಪೋ ಅಂತ ಕಿರುಚಿದೆ. "ಲ್ಯಾಬ್‌ನವರ ಕೆಲಸ ಟೈಪ್ ಮಾಡೋವರೆಗೆ ದೊಡ್ಡಪ್ಪ. ಡಾಕ್ಟರ ಕೆಲಸ ಟೇಬಲ್ಲಿಗೆ ಬಂದ ಮೇಲೆ. ನಡುವೆ ಟ್ರೇ ಯಾರದೂ ಅಲ್ಲ." ನನ್ನ ಟೇಬಲ್ ಪಕ್ಕದಲ್ಲೂ 31 ವರ್ಷ ಅಂಥದೇ ಒಂದು ಟ್ರೇ ಇತ್ತು. ಅದರಲ್ಲಿ ಯಾರ‍್ಯಾರ ಪಿಂಚಣಿ ಅರ್ಜಿ ಎಷ್ಟೆಷ್ಟು ದಿನ ಮಲಗಿತ್ತೋ.

ಬಹುಶಃ ಅದಕ್ಕೇ ಬೀಗರ ಮೇಲೆ ಇಷ್ಟು ಉರಿ.

ಮುಂದಿನ ತಿಂಗಳು ಅವರ ಮನೆ ಗೃಹಪ್ರವೇಶ. ಕರೆದಿದ್ದಾರೆ, ಮುಯ್ಯಿ ಬಾಕಿ ಇದೆ, ಹೋಗಲೇಬೇಕು. ಅಕ್ಕನ ಮಗಳನ್ನೂ ಕರಕೊಂಡು ಹೋಗ್ತೀನಿ. ಮಿರ್ಚಿ ಎರಡೆರಡು ಹಾಕಿಸಲಿ.