ನಿಮ್ಮ ಬಳಕೆ ಜಾಸ್ತಿ ಆಗಿದೆ ಸರ್

ಈಗಷ್ಟೇ ಮೆಟ್ಟಿಲ ಕೆಳಗಿನಿಂದ ಎದ್ದು ಬಂದೆ. ಮಂಡಿಯೆಲ್ಲ ಧೂಳು, ತಲೆ ತುಂಬ ಜೇಡರ ಬಲೆ, ಕೈಯಲ್ಲಿ ಟಾರ್ಚು. ಕೈ ಕೂಡ ತೊಳೆಯದೆ ಇದನ್ನು ಬರೆಯುತ್ತಿದ್ದೇನೆ. ತೊಳೆದರೆ ಕೋಪ ಇಳಿದುಬಿಡುತ್ತದೆ. ಇವತ್ತು ಅದು ಇಳಿಯೋದು ನನಗೆ ಬೇಡ.

ವಿಷಯ ಗ್ಯಾಸ್ ಬಿಲ್ಲು. ಪೈಪಲ್ಲಿ ಬರುತ್ತಲ್ಲ, ಆ ಗ್ಯಾಸು. ಈ ಮನೆಗೆ ಬಂದು ವರ್ಷವಾಯಿತು. ಮೊದಲು ತಿಂಗಳಿಗೆ 6 ಯೂನಿಟ್ ಬರುತ್ತಿತ್ತು, ಆಮೇಲೆ 5 ಆಯಿತು, ಇತ್ತೀಚೆಗೆ 4. ಒಂದು ಯೂನಿಟ್ ಅಂದರೆ ಒಂದು ಘನ ಮೀಟರ್, ಅಂದರೆ 1000 ಲೀಟರ್ ಗ್ಯಾಸು. ಈ ಸಲದ ಬಿಲ್ಲು ತೆರೆದು ನೋಡಿದರೆ 41. ಹಿಂದಿನ ರೀಡಿಂಗ್ 55, ಈಗಿನ ರೀಡಿಂಗ್ 96. ಮೊಬೈಲನ್ನು ತಿರುಗಿಸಿ ನೋಡಿದೆ, ಕನ್ನಡಕ ಒರೆಸಿ ನೋಡಿದೆ. 41 ಹಾಗೇ ಕೂತಿತ್ತು.

ಫೋನ್ ಮಾಡಿದೆ. ಹನ್ನೆರಡು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗ ಬಂದ. ಪಾಪ, ದನಿ ಚೆನ್ನಾಗಿತ್ತು. ಹೇಳಿದ್ದು ಒಂದೇ ಮಾತು. "ನಿಮ್ಮ ಬಳಕೆ ಜಾಸ್ತಿ ಆಗಿದೆ ಸರ್."

ಹೇಗಪ್ಪಾ ಗೊತ್ತು ಅಂದೆ. "ಬಿಲ್ ಜಾಸ್ತಿ ಬಂದಿದೆಯಲ್ಲ ಸರ್" ಅಂದ. ಬಿಲ್ಲು ಯಾಕೆ ಜಾಸ್ತಿ? ಬಳಕೆ ಜಾಸ್ತಿ. ಬಳಕೆ ಜಾಸ್ತಿ ಅಂತ ಹೇಗೆ ಗೊತ್ತು? ಬಿಲ್ಲು ಜಾಸ್ತಿ. ಒಬ್ಬರನ್ನು ಕಳಿಸಿ, ಮೀಟರ್ ನೋಡಲಿ ಅಂದರೆ, "ರೀಡಿಂಗ್ ಫೋಟೋ ಇದೆ ಸರ್, ಎಲ್ಲ ಸರಿ ಇದೆ, ನೀವೇ ಮನೆಯಲ್ಲಿ ಒಂದ್ಸಲ ಚೆಕ್ ಮಾಡಿಸಿ." ಅಂದರೆ ತಪ್ಪು ಏನೇ ಇದ್ದರೂ ಅದು ನನ್ನ ಮನೆ ಒಳಗೇ ಇರಬೇಕು. ಬಾಗಿಲಿನ ಆಚೆ ಲೋಕದಲ್ಲಿ ತಪ್ಪೇ ನಡೆಯೋದಿಲ್ಲ.

ನನ್ನ ಜುಗ್ಗತನ, ನನ್ನ ಲೆಕ್ಕದ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಇಪ್ಪತ್ತು ವರ್ಷ ಬೇರೆಯವರ ಲೆಕ್ಕ ತಪಾಸಣೆ ಮಾಡಿಯೇ ಹೊಟ್ಟೆ ಹೊರೆದವನು. ಚೆಕ್ ಮಾಡಿ ಅಂದರಲ್ಲ, ಮಾಡೇಬಿಡೋಣ ಅಂತ ಕೂತೆ.

ಮೊದಲು ಸೋರಿಕೆ. (ಬೆಂಕಿಕಡ್ಡಿ ಗೀರಿ ಪೈಪಿನ ಹತ್ತಿರ ಹಿಡಿದು ನೋಡು ಅಂತ ಮೆಸೇಜ್ ಮಾಡಿದ ಮಹಾನುಭಾವ ಗೆಳೆಯನಿಗೆ ನಮಸ್ಕಾರ. ನಿನ್ನ ಇನ್ಶೂರೆನ್ಸ್ ಕಟ್ಟಿದೆಯಾ? ಗ್ಯಾಸಿಗೆ ತನ್ನದೇ ಆದ ವಾಸನೆ ಇಲ್ಲ. ಸೋರಿದರೆ ತಿಳಿಯಲಿ ಅಂತಲೇ ಆ ಕೆಟ್ಟ ವಾಸನೆ ಬೆರೆಸಿರುತ್ತಾರೆ. ಆ ವಾಸನೆ ಬಂದರೆ ವಾಲ್ವ್ ಮುಚ್ಚಿ, ಕಿಟಕಿ ತೆಗೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಹೋಗಿ ಫೋನ್ ಮಾಡಬೇಕು. ಕಡ್ಡಿ ಗೀರುವುದಲ್ಲ.) ನಮ್ಮಲ್ಲಿ ವಾಸನೆ ಇರಲಿಲ್ಲ. ಆದರೂ ಒಲೆ ಪೂರ್ತಿ ಆರಿಸಿ, ಮೇನ್ ವಾಲ್ವ್ ತೆರೆದೇ ಇಟ್ಟು, ಕೆಳಗೆ ಹೋಗಿ ನಮ್ಮ ಮೀಟರ್ ಮುಂದೆ ಅರ್ಧ ಗಂಟೆ ಕುಕ್ಕರಗಾಲಲ್ಲಿ ಕೂತೆ. ಕಪ್ಪು ಅಂಕಿಗಳು ಘನ ಮೀಟರ್. ಚುಕ್ಕಿ ಆದಮೇಲಿನ ಮೂರು ಕೆಂಪು ಅಂಕಿ ಲೀಟರ್. ಆ ಕೊನೆಯ ಕೆಂಪು ಅಂಕಿ ಕೂದಲೆಳೆಯಷ್ಟೂ ಅಲುಗಲಿಲ್ಲ. ಜೋಡಣೆ ಇರುವ ಕಡೆಯೆಲ್ಲ ಸೋಪಿನ ನೀರು ಬಳಿದೆ, ಒಂದು ಗುಳ್ಳೆಯೂ ಏಳಲಿಲ್ಲ. ಸೋರಿಕೆ ಇಲ್ಲ.

ಆಮೇಲೆ ಬಳಕೆ. ಒಂದೇ ಒಂದು ಒಲೆ ಹಚ್ಚಿ ಬರಲು ಮಗಳಿಗೆ ಹೇಳಿ, ಮತ್ತೆ ಮೀಟರ್ ಮುಂದೆ ಕೂತೆ. ಕೊನೆಯ ಅಂಕಿ ಒಂದು ಮನೆ ದಾಟೋಕೆ ಹದಿನೆಂಟು ಸೆಕೆಂಡ್ ಆಯಿತು. ಗಂಟೆಗೆ 200 ಲೀಟರ್. ಹಾಗಾದರೆ 41 ಯೂನಿಟ್ ಖರ್ಚಾಗಬೇಕಾದರೆ ಆ ಒಲೆ ತಿಂಗಳಲ್ಲಿ 205 ಗಂಟೆ ಉರಿದಿರಬೇಕು. ದಿನಕ್ಕೆ ಹತ್ತಿರ ಹತ್ತಿರ ಏಳು ಗಂಟೆ! ಮೂರು ಜನರ ಮನೆ ಸ್ವಾಮಿ, ಅಡುಗೆ ಕಾಂಟ್ರಾಕ್ಟ್ ಹಿಡಿದಿಲ್ಲ. ಮತ್ತೆ ಫೋನ್, ಮತ್ತೆ ಸಂಗೀತ. ಈ ಸಲ ಹುಡುಗಿ. ಲೆಕ್ಕ ಪೂರ್ತಿ ಒಪ್ಪಿಸಿದೆ. ತಾಳ್ಮೆಯಿಂದ ಕೇಳಿಸಿಕೊಂಡು ಹೇಳಿದಳು, "ನಿಮ್ಮ ಬಳಕೆ ಜಾಸ್ತಿ ಆಗಿದೆ ಸರ್."

ಮೀಟರೇ ಕೆಟ್ಟಿರಬಹುದಲ್ಲ ಅಂತ ನೀವು ಕೇಳಬಹುದು. ನಾನೂ ಅಲ್ಲಿಗೇ ಹೋದೆ. ಈ ಡಬ್ಬಿಯೊಳಗೆ ತಿದಿಯ ಹಾಗೆ ಹಿಗ್ಗಿ ಕುಗ್ಗುವ ಚೀಲದಂಥ ಕೋಣೆಗಳಿರುತ್ತವೆ. ಒಂದು ತುಂಬುವಾಗ ಇನ್ನೊಂದು ಖಾಲಿ. ಎಷ್ಟು ಸಲ ತುಂಬಿ ಖಾಲಿಯಾಯಿತು ಅನ್ನೋದನ್ನು ಹಲ್ಲಿನ ಚಕ್ರಗಳು ಎಣಿಸುತ್ತವೆ, ಅಷ್ಟೇ ಕೆಲಸ. ಚೆನ್ನಾಗಿರುವ ಮೀಟರ್ ನೂರಕ್ಕೆ ಒಂದೆರಡು ಹೆಚ್ಚುಕಡಿಮೆ ತೋರಿಸಬಹುದು. ಬಿಸಿಲಿಗೆ ಗ್ಯಾಸ್ ಹಿಗ್ಗುತ್ತದೆ ನಿಜ, ಆದರೆ ಮೂರು ಡಿಗ್ರಿ ಏರಿದರೆ ನೂರಕ್ಕೆ ಒಂದರಷ್ಟು. ನಾಲ್ಕನ್ನು ನಲವತ್ತೊಂದು ಮಾಡುವ ಬಿಸಿಲು ಬಂದಿದ್ದರೆ ಇದನ್ನು ಬರೆಯೋಕೆ ನಾನು ಇರುತ್ತಿರಲಿಲ್ಲ.

ಸ್ಯಾಮ್ಯುಯೆಲ್ ಕ್ಲೆಗ್ ಅನ್ನುವ ಬ್ರಿಟಿಷ್ ಇಂಜಿನಿಯರ್ ಗ್ಯಾಸ್ ಮೀಟರಿಗೆ ಪೇಟೆಂಟ್ ಪಡೆದದ್ದು 1815ರಲ್ಲಿ. ಅದಕ್ಕೆ ಮುಂಚೆ ಮನೆಯಲ್ಲಿ ಎಷ್ಟು ದೀಪ, ಎಷ್ಟು ಹೊತ್ತು ಉರಿಸುತ್ತೀರಿ ಅಂತ ಮಾತಾಡಿಕೊಂಡು ದುಡ್ಡು ವಸೂಲಿ ಮಾಡುತ್ತಿದ್ದರು. ಹೇಳಿದ ಹೊತ್ತು ಮೀರಿ ಉರಿಸುತ್ತಾರಾ ಅಂತ ನೋಡೋಕೆ ಜನ ಬೀದಿ ಸುತ್ತುತ್ತಿದ್ದರು. ಆಗ ಕನಿಷ್ಠ ಯಾರೋ ಒಬ್ಬರು ಬಂದು ನೋಡುತ್ತಿದ್ದರಲ್ಲ! ನನ್ನ ತಕರಾರು ಅಷ್ಟೇ. ಬಂದು ನೋಡಿ ಮಾರಾಯ್ರೆ. ನನ್ನ ಬಳಕೆ ಜಾಸ್ತಿಯೋ ಕಡಿಮೆಯೋ ಆಮೇಲೆ ಹೇಳಿ.

ಈಗ ಅಸಲಿ ಕಥೆಗೆ ಬರುತ್ತೇನೆ. ಇಷ್ಟು ಹೊತ್ತು ಕೆಂಪು ಅಂಕಿ ನೋಡುತ್ತ ಕೂತವನು ಪಕ್ಕದ ಕಪ್ಪು ಅಂಕಿ ಓದಿಯೇ ಇರಲಿಲ್ಲ. ನೋಡಿದರೆ 158. ಬಿಲ್ಲಿನಲ್ಲಿ 96. ರೀಡಿಂಗ್ ತೆಗೆದು ಐದೇ ದಿನವಾಗಿತ್ತು. ಐದು ದಿನದಲ್ಲಿ 62 ಯೂನಿಟ್ ಉರಿಸೋಕೆ ಸಾಧ್ಯವೇ ಇಲ್ಲ.

ನಿಜ ಹೇಳಿಬಿಡುತ್ತೇನೆ, ನನ್ನ ಮೈ ತಣ್ಣಗಾಯಿತು. ಬಿಲ್ಲಿಗಿಂತ ಮೀಟರೇ ಮುಂದಿದೆ! ಜಗಳ ಆಡಿದರೆ ಇನ್ನೂ 62 ಯೂನಿಟ್ ನನ್ನ ತಲೆಗೇ ಬೀಳುತ್ತದೆ. ಟಾರ್ಚ್ ಆರಿಸಿ, ಸುಮ್ನೆ ಮೇಲೆ ಹೋಗಿ, 41ಕ್ಕೆ ದುಡ್ಡು ಕಟ್ಟಿ, ಏನೂ ನೋಡೇ ಇಲ್ಲ ಅನ್ನೋ ಹಾಗೆ ಮಲಗಿಬಿಡೋಣ ಅನ್ನಿಸಿತು. ಮಲಗಿಯೂ ಬಿಟ್ಟೆ. ಒಂದು ರಾತ್ರಿ. ನಿದ್ದೆ ಬರಲಿಲ್ಲ ಅನ್ನೋದನ್ನು ನನ್ನ ಒಳ್ಳೆಯತನ ಅಂತ ತಿಳಿಯಬೇಡಿ. ಲೆಕ್ಕ ಕೂಡದಿದ್ದರೆ ನನಗೆ ನಿದ್ದೆ ಬರೋದಿಲ್ಲ, ಅಷ್ಟೇ.

ಬೆಳಿಗ್ಗೆ ಎದ್ದು ಬಿಲ್ಲಿನ ಮೀಟರ್ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ಹೋದೆ. ಉದ್ದನೆಯ ನಂಬರು. ಕೊನೆಯ ಅಂಕಿ ಬಿಟ್ಟು ಎಲ್ಲ ಒಂದೇ. ನಮ್ಮ ಪೈಪಿನ ಮೀಟರ್ ತಗಡಿನ ಮೇಲೆ ಕೊನೆಗೆ 1. ಬಿಲ್ಲಿನಲ್ಲಿ ಕೊನೆಗೆ 2. ಪಕ್ಕದಲ್ಲೇ ಮೇಲಿನ ಮನೆ ಆಂಟಿಯ ಮೀಟರ್ ಇದೆ, ಒಂದೇ ದಿನ ಒಂದೇ ಪೆಟ್ಟಿಗೆಯಿಂದ ತೆಗೆದು ಕೂರಿಸಿದ್ದು. ಅದರ ಕೊನೆಗೆ 2. ರೀಡಿಂಗ್ 102.

ಆಂಟಿ ಬಾಗಿಲು ತಟ್ಟಿದೆ. "ಆಂಟಿ, ಒಂದು ಒಲೆ ಹಚ್ಚಿ, ನಾನು ಕೂಗೋ ತನಕ ಆರಿಸಬೇಡಿ" ಅಂದೆ. ಯಾಕಪ್ಪಾ ಅಂತಲೂ ಕೇಳದೆ ಹಚ್ಚಿದರು. ನಮ್ಮ ಮನೆಯದೆಲ್ಲ ಆರಿಸಿ ಕೆಳಗೆ ಓಡಿದೆ. 1 ಸುಮ್ಮನಿತ್ತು. 2 ಓಡುತ್ತಿತ್ತು. ಯಾವ ಮೀಟರಿನ ಲೆಕ್ಕಕ್ಕೆ ವರ್ಷವಿಡೀ ನಾನು ದುಡ್ಡು ಕಟ್ಟಿದ್ದೆನೋ, ಅದು ಆಂಟಿಯ ಒಲೆಗೆ ತಿರುಗುತ್ತಿತ್ತು.

ಅದಲು ಬದಲು! ಮೀಟರ್ ಕೂರಿಸಿದ ದಿನ ಯಾರೋ ಎರಡು ನಂಬರನ್ನು ಎರಡು ಮನೆಗೆ ತಿರುವುಮುರುವು ಬರೆದುಕೊಂಡಿದ್ದಾರೆ. ರೀಡಿಂಗ್ ಸರಿ, ಫೋಟೋ ಸರಿ, ಮೀಟರೂ ಸರಿ. ಮನೆ ಮಾತ್ರ ತಪ್ಪು. ಹೋದ ತಿಂಗಳು ಆಂಟಿಯ ಮಗನ ಸಂಸಾರ ಬಂತು, ಗ್ಯಾಸ್ ಗೀಸರ್ ಹಾಕಿಸಿದರು. ನೂರು ಲೀಟರ್ ನೀರು ಮೂವತ್ತು ಡಿಗ್ರಿ ಬಿಸಿಯಾಗೋಕೆ ಸುಮಾರು 400 ಲೀಟರ್ ಗ್ಯಾಸ್ ಬೇಕು. ಒಲೆಯನ್ನು ಎರಡು ಗಂಟೆ ಉರಿಸಿದಷ್ಟು. ಅಷ್ಟು ಜನ ದಿನಾ ಸ್ನಾನ ಮಾಡಿದರೆ 41 ಏನು ಆಶ್ಚರ್ಯ?

ಸ್ಮಾರ್ಟ್ ಮೀಟರ್ ಬಂದರೆ ಇದೆಲ್ಲ ಇರೋದಿಲ್ಲ ಅಂತ ಈಗಾಗಲೇ ಇಬ್ಬರು ಬುದ್ಧಿವಂತರು ಹೇಳಿ ಆಯಿತು. ಹೌದು, ಓದುವಾಗಿನ ತಪ್ಪು ತಪ್ಪೀತು. ಒಪ್ಪಿದೆ. ಆದರೆ ನಂಬರ್ ಅದಲು ಬದಲಾದ ಮನೆಗೆ ಸ್ಮಾರ್ಟ್ ಮೀಟರ್ ಹಾಕಿದರೆ ಏನಾಗುತ್ತೆ? ತಿಂಗಳಿಗೊಮ್ಮೆ ಬರುತ್ತಿದ್ದ ತಪ್ಪು ಗಂಟೆಗೊಮ್ಮೆ ಬರುತ್ತೆ. ಅದೂ ಮೊಬೈಲಿಗೆ, ಗ್ರಾಫ್ ಸಮೇತ.

ಕೊನೆಗೂ ಕಂಪನಿಯಿಂದ ಒಬ್ಬರು ಬಂದರು. ಐದು ನಿಮಿಷ ನೋಡಿ, "ಹೌದು ಸರ್, ಎಕ್ಸ್‌ಚೇಂಜ್ ಆಗಿದೆ" ಅಂದರು. ನೋಡಿ ಈ "ಆಗಿದೆ"ಯನ್ನು! ಬಳಕೆ ಜಾಸ್ತಿ ಆಗಿದೆ, ಎಕ್ಸ್‌ಚೇಂಜ್ ಆಗಿದೆ. ಮಳೆ ಆಗಿದೆ ಅನ್ನೋ ಹಾಗೆ. ಮಾಡಿದವರು ಯಾರೂ ಇಲ್ಲ. ಹಳೆಯ ಬಿಲ್ಲುಗಳ ಗತಿ ಏನು ಅಂತ ಕೇಳಿದರೆ, "ಅದು ನೀವು ನೀವೇ ಮಾತಾಡ್ಕೊಳಿ ಸರ್."

ಮಾತಾಡಿಕೊಂಡೆವು. ಆಂಟಿ ಎಲ್ಲ ಬಿಲ್ಲನ್ನೂ ಪ್ರಿಂಟ್ ತೆಗೆಸಿ ಫೈಲ್ ಮಾಡಿ ಇಟ್ಟಿದ್ದರು. ಒಂಟಿ ಹೆಂಗಸು, ತಿಂಗಳಿಗೆ 13 ಯೂನಿಟ್ ಬಿಲ್ಲು. ನಮ್ಮ ಮೂರು ಜನರ ಅಡುಗೆಯದ್ದು. ಎರಡು ಸಲ ಫೋನ್ ಮಾಡಿ ಕೇಳಿದ್ದಾರೆ. ಅವರಿಗೂ ಅದೇ ಉತ್ತರ, "ನಿಮ್ಮ ಬಳಕೆ ಜಾಸ್ತಿ ಆಗಿದೆ ಮೇಡಂ." ನನ್ನ ಹಾಗೆ ಅವರು ಜಗಳ ಆಡಲಿಲ್ಲ. ನಂಬಿದರು. ಉರಿ ಸಣ್ಣ ಮಾಡಿದರು. ಎರಡು ಹೊತ್ತಿನದು ಒಂದೇ ಹೊತ್ತಿಗೆ ಮಾಡಿಟ್ಟು, ರಾತ್ರಿ ಆರಿದ್ದನ್ನೇ ಉಂಡರು. ಬಿಲ್ಲು ಮಾತ್ರ 13ರಿಂದ ಇಳಿಯಲೇ ಇಲ್ಲ. ಇಳಿಯೋದು ಹೇಗೆ? ಇಳಿದದ್ದು ನನ್ನದು. 6 ಇದ್ದದ್ದು 5, 5 ಇದ್ದದ್ದು 4.

ಹನ್ನೊಂದು ತಿಂಗಳು ನಮ್ಮ ಒಲೆಗೆ 143 ಯೂನಿಟ್ ದುಡ್ಡು ಅವರು ಕಟ್ಟಿದ್ದಾರೆ. ಅವರದಕ್ಕೆ ನಾನು ಕಟ್ಟಿದ್ದು 55. ಈ ತಿಂಗಳು ನನಗೆ 28 ಹೆಚ್ಚು ಬಿದ್ದಿದೆ. ಕಳೆದು ಕೂಡಿದರೆ ನಾನೇ ಅವರಿಗೆ 60 ಯೂನಿಟ್ ಕೊಡಬೇಕು. ಒಂದು ವಾರ ಊರಿಗೆಲ್ಲ ಕೇಳುವ ಹಾಗೆ ಕೂಗಾಡಿದವನು ನಾನು, ಬಾಕಿಯವನೂ ನಾನೇ. ಮೂರು ಜನರ ಮನೆಗೆ 4 ಯೂನಿಟ್ ಸಾಧ್ಯವೇ ಅಂತ ಒಂದು ದಿನವೂ ನನಗೆ ಅನುಮಾನ ಬರಲಿಲ್ಲ. ದಿನಕ್ಕೆ ನಲವತ್ತು ನಿಮಿಷದ ಒಂದು ಒಲೆ! ಬೇರೆಯವರ ಪುಸ್ತಕದಲ್ಲಿ ಇಂಥದ್ದು ಕಂಡಿದ್ದರೆ ಕೆಂಪು ಪೆನ್ನಲ್ಲಿ ಸುತ್ತು ಹಾಕುತ್ತಿದ್ದೆ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಿಮಗೆ ನೆನಪಿರಬಹುದು, ಬಿಲ್ಲು 6ರಿಂದ 5ಕ್ಕೆ ಇಳಿದಾಗ ಇಲ್ಲೇ ಒಂದು ಪೋಸ್ಟ್ ಹಾಕಿದ್ದೆ. ಗ್ಯಾಸ್ ಹೇಗೆ ಉಳಿಸಬೇಕು ಅಂತ ನನ್ನ ಉಪದೇಶ. ಪಾತ್ರೆಗೆ ಮುಚ್ಚಳ ಹಾಕಿ, ಉರಿ ಸಣ್ಣ ಮಾಡಿ, ಮನಸ್ಸಿದ್ದರೆ ಮಾರ್ಗ. ನೀವೆಲ್ಲ ಭಲೇ ಅಂದಿದ್ದಿರಿ. ಈಗ ಹುಡುಕಿ ತೆಗೆದು ನೋಡಿದೆ. ಮೊದಲ ಕಮೆಂಟೇ ಮೇಲಿನ ಮನೆ ಆಂಟಿಯದು.

"ಒಳ್ಳೆ ವಿಷಯ ಹೇಳಿದೆಯಪ್ಪ. ನಮ್ಮನೇಲಿ ಯಾಕೋ ತುಂಬಾ ಬರ್ತಿದೆ. ನಾನೂ ಇವತ್ತಿಂದ ಹೀಗೇ ಮಾಡ್ತೀನಿ."

ಕೆಳಗೆ ನಾನು ಹೆಬ್ಬೆರಳು ಎತ್ತಿದ್ದೇನೆ.