ಲಿಂಬೆಹಣ್ಣು ತಿಕ್ಕಿದರೆ ವೆಲ್ಡಿಂಗ್ ತುಕ್ಕು ಹಿಡಿಯಲ್ವಾ? ಒಂದು ಸ್ಪಷ್ಟನೆ

ಹುಬ್ಬಳ್ಳಿಯ ಗೋಕುಲ ರೋಡ್, ತಾರಿಹಾಳದ ಫ್ಯಾಬ್ರಿಕೇಶನ್ ಶೆಡ್‌ನವರ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಸ್ಟೇನ್‌ಲೆಸ್ ಸ್ಟೀಲ್ ವೆಲ್ಡಿಂಗ್‌ಗೆ ಪಿಕ್ಲಿಂಗ್ ಪೇಸ್ಟ್ ಬೇಡ, ಲಿಂಬೆಹಣ್ಣು ತಿಕ್ಕಿ ಸಾಕು. ಟಾಯ್ಲೆಟ್ ಆ್ಯಸಿಡ್ ಆದರೂ ನಡೆಯುತ್ತದೆ." (ಪಿಕ್ಲಿಂಗ್ ಪೇಸ್ಟ್ ಎಂದರೆ ವೆಲ್ಡಿಂಗ್ ಕಲೆ ತೆಗೆಯಲು ಹಚ್ಚುವ ಆ್ಯಸಿಡ್ ಪೇಸ್ಟ್.)

ಲಿಂಬೆಯ ಮಾತು ಅರ್ಧ ನಿಜ. ಅದರಲ್ಲಿರುವ ಸಿಟ್ರಿಕ್ ಆ್ಯಸಿಡ್ ಕೆಲಸ ಮಾಡುತ್ತದೆ, ಸ್ಟೇನ್‌ಲೆಸ್ ಸ್ಟೀಲಿನ ಇಂಥ ಶುದ್ಧಿಗೆಂದೇ ಇರುವ ಅಮೆರಿಕದ ಎಎಸ್‌ಟಿಎಂ ಎ967 ಮಾನದಂಡವೂ ಅದನ್ನು ಒಪ್ಪಿದೆ. ಆದರೆ ಹಣ್ಣಲ್ಲ, ತೂಕದಲ್ಲಿ ಶೇ. 4ರಿಂದ 10ರಷ್ಟು ಪುಡಿ ಕರಗಿಸಿದ ನೀರು. ಬಿಸಿ ಮಾಡದಿದ್ದರೆ ಕನಿಷ್ಠ 20 ನಿಮಿಷ ಅದರಲ್ಲಿ ಮುಳುಗಿರಬೇಕು. ಮೇಲೆ ಅಂಟಿದ ಕಬ್ಬಿಣದ ಕಣ ಹೋಗುತ್ತದೆ.

ವೆಲ್ಡಿಂಗ್ ಪಕ್ಕ ನೀಲಿ, ಕಂದು ಪಟ್ಟೆ ಕಾಣುತ್ತದಲ್ಲ, ಅದು ಇದಕ್ಕೆ ಬಗ್ಗುವುದಿಲ್ಲ. ಅದರಡಿ ತುಕ್ಕು ತಡೆಯುವ ಕ್ರೋಮಿಯಂ ಕಡಿಮೆಯಾಗಿರುತ್ತದೆ, ತುಕ್ಕು ಶುರುವಾಗುವುದೇ ಅಲ್ಲಿ. ಮೊದಲು ಪಟ್ಟೆ ತೆಗೆಯಿರಿ: ಕರೆಂಟ್ ಮೇಲೆ ನಡೆಯುವ ವೆಲ್ಡ್ ಕ್ಲೀನರ್‌ನಿಂದ, ಇಲ್ಲವೇ ಎಂಎಸ್ (ಸಾಮಾನ್ಯ ಕಬ್ಬಿಣ) ಮುಟ್ಟದ ಹೊಸ ಫ್ಲಾಪ್ ಡಿಸ್ಕ್‌ನಿಂದ (ಗ್ರೈಂಡರ್‌ಗೆ ಹಾಕುವ ಉಜ್ಜುವ ಚಕ್ರ). ಆಮೇಲೆ ಸಿಟ್ರಿಕ್, ಕೊನೆಗೆ ಒಳ್ಳೆ ನೀರು.

ಪೇಸ್ಟ್‌ಗೆ ಹೆದರುವುದು ಸುಮ್ನೆ ಅಲ್ಲ. ಅದರ ಹೈಡ್ರೋಫ್ಲೋರಿಕ್ ಆ್ಯಸಿಡ್ ಚರ್ಮದೊಳಗೆ ಇಳಿದರೂ ಒಮ್ಮೊಮ್ಮೆ ಗಂಟೆಗಟ್ಟಲೆ ನೋವೇ ಗೊತ್ತಾಗುವುದಿಲ್ಲ. ಬಳಸುವವರು ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಪಕ್ಕದಲ್ಲೇ ಇಟ್ಟುಕೊಳ್ಳಿ, ತಾಗಿದರೆ ತೊಳೆದು ಹಚ್ಚಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಟಾಯ್ಲೆಟ್ ಆ್ಯಸಿಡ್ ಮಾತ್ರ ಖಂಡಿತ ಬೇಡ. ಅದರ ಕ್ಲೋರೈಡ್ ಸ್ಟೀಲಿಗೆ ಸಣ್ಣ ಸಣ್ಣ ತೂತು ಹಾಕುತ್ತದೆ.