ಇನ್ಸೆಂಟಿವ್ 40,000, ಕಟ್ಟಿಂಗ್ 66,300

"ಎಂತ ಸರ್, ನೀವು ಯಾವಾಗ ಇನ್‌ಕಮ್ ಟ್ಯಾಕ್ಸ್ ಆಫೀಸರ್ ಆದದ್ದು?"

ಅಕೌಂಟ್ಸಿನ ಮೇಡಂ ಹೇಳಿದ್ದು. ಬೆಳಿಗ್ಗಿನಿಂದ ಕಿವಿಯಲ್ಲಿ ಅದೇ ಉಂಟು.

ಕೈಯಲ್ಲಿದ್ದ ಚೀಟಿ ನಿನ್ನೆ ರಾತ್ರಿ ಹನ್ನೊಂದೂವರೆವರೆಗೆ ಕೂತು, ಮಗಳ ಗಣಿತ ಪುಸ್ತಕದ ಹಾಳೆ ಹರಿದು ಬರೆದದ್ದು. 2025-26ರ ಸಂಬಳ 12,60,000, ಇನ್ಸೆಂಟಿವ್ 40,000. ಸಂಬಳದವರಿಗೆ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 12,25,000. ಹೊಸ ತೆರಿಗೆ ರೆಜೀಮಿನಲ್ಲಿ ಹನ್ನೆರಡು ಲಕ್ಷದವರೆಗೆ ಟ್ಯಾಕ್ಸೇ ಇಲ್ಲ, ನಾನು ಆ ಗೆರೆ ದಾಟಿದ್ದು ಬರೀ 25,000. ಸ್ಲ್ಯಾಬ್ ಪ್ರಕಾರ 63,750 ಬರ್ತದೆ, ಒಪ್ಪಿದೆ. ಆದರೆ ಅದರಲ್ಲೇ ಮಾರ್ಜಿನಲ್ ರಿಲೀಫ್ ಅಂತ ಒಂದು ಉಂಟಲ್ಲ ಮಾರಾಯ್ರೆ! ಎಷ್ಟು ದಾಟಿದೆಯೋ ಅದಕ್ಕಿಂತ ಹೆಚ್ಚು ತೆರಿಗೆ ಹಾಕುವ ಹಾಗಿಲ್ಲ. 25,000, ಮೇಲೆ ನಾಲ್ಕು ಪರ್ಸೆಂಟ್ ಸೆಸ್, 26,000ಕ್ಕೆ ಮುಗಿಯಿತು. ಇವರು ರಿಲೀಫ್ ಬಿಟ್ಟು, 63,750ಕ್ಕೇ ಸೆಸ್ ಸೇರಿಸಿ ಮಾರ್ಚ್ ಸಂಬಳದಲ್ಲಿ ಹಿಡಿದದ್ದು 66,300. ಹೆಚ್ಚಿಗೆ ಹಿಡಿದದ್ದೇ 40,300. ಕೊಟ್ಟ ಇನ್ಸೆಂಟಿವಿಗಿಂತ ಮುನ್ನೂರು ರೂಪಾಯಿ ಜಾಸ್ತಿ!

ಮೇಡಂ ಚೀಟಿ ಓದಲಿಲ್ಲ. ಚಾಯದ ಗ್ಲಾಸ್ ತಂದು ಅದರ ಮೇಲೆಯೇ ಇಟ್ಟರು. ಕೂತುಕೊಳ್ಳಿ ಅಂತಲೂ ಇಲ್ಲ, ನಾನು ಪ್ರಸಾದಕ್ಕೆ ಕಾಯುವವನ ಹಾಗೆ ಟೇಬಲಿನ ಹತ್ತಿರ ನಿಂತದ್ದು. "ಲೆಕ್ಕ ಸಾಫ್ಟ್‌ವೇರ್ ಹಾಕುವುದು ಸರ್, ನಾವಲ್ಲ." ಆಮೇಲೆ ಆ ಆಫೀಸರ್ ಮಾತು. ಹಿಂದೆ ಇಬ್ಬರು ಟ್ರೈನಿಗಳು. ಒಬ್ಬ ಮೂಗಿನಲ್ಲೇ ನಕ್ಕ. ಅವನೇ, ಇನ್ಸೆಂಟಿವ್ ಬಂದ ದಿನ ನನ್ನ ಖರ್ಚಿನಲ್ಲಿ ಗಡ್‌ಬಡ್ ಐಸ್‌ಕ್ರೀಂ ತಿಂದವ! ಚೀಟಿ ವಾಪಸ್ ಬಂತು, 26,000ದ ಸುತ್ತ ಉರುಟು ಚಾಯದ ಕಲೆ. ಆಗ ನಾನು ಎಂತ ಹೇಳಿದೆ ಗೊತ್ತುಂಟಾ?

"ಥ್ಯಾಂಕ್ಸ್ ಮೇಡಂ."

ಯಾವುದಕ್ಕೆ ಥ್ಯಾಂಕ್ಸ್? ಸಂಜೆ ಬಲ್ಮಠದಿಂದ ಬಿಜೈವರೆಗೆ ಇದನ್ನೇ ಕೇಳಿಕೊಂಡು ನಡೆದೆ, ಬಸ್ ಹತ್ತಲಿಕ್ಕೂ ಮರೆತು.

ಹೋಗಲಿ ಬಿಡಿ. ಜೂನ್ 15ರೊಳಗೆ ಫಾರ್ಮ್ 16, ಅಂದರೆ ಹಿಡಿದ ತೆರಿಗೆಯ ಸರ್ಟಿಫಿಕೇಟ್, ಕೊಡ್ತಾರೆ, ರಿಟರ್ನ್ ಹಾಕಿದರೆ ರಿಫಂಡ್ ಬರ್ತದೆ, ಹಣ ಎಲ್ಲಿಗೂ ಓಡುವುದಿಲ್ಲ. ಹನ್ನೆರಡು ಲಕ್ಷದವನದ್ದು ಎಂತ ಗೋಳು ಅಂತ ನಗುವವರು ನಗಿ. "ನಮಗೆಲ್ಲ ಟ್ಯಾಕ್ಸೇ ಇಲ್ಲ ಭಾವ" ಅಂತ ಜನವರಿಯಲ್ಲಿ ಕಾಲರ್ ಎತ್ತಿದವ ನಾನೇ.

ಅಲ್ಲ, ಯಾಕೆ ಹೋಗಲಿ? 1,03,000 ಕೈಗೆ ಬರುವಲ್ಲಿ ಬಂದದ್ದು 36,700. ಐದನೇ ತಾರೀಕು ಮನೆ ಸಾಲದ ಕಂತು 34,000. ಉಳಿದದ್ದರಲ್ಲಿ ಏಪ್ರಿಲ್ ದಾಟಬೇಕು. ಬಂಗುಡೆ ಬಿಡಿ, ಬೂತಾಯಿ ಮೀನಿಗೂ ಯೋಚನೆ ಮಾಡಬೇಕು. ಮಾರ್ಚಿನ ಟಿಡಿಎಸ್, ಅಂದರೆ ಸಂಬಳದಲ್ಲಿ ಹಿಡಿದ ತೆರಿಗೆ, ಸರಕಾರಕ್ಕೆ ಕಟ್ಟಲಿಕ್ಕೆ ಅವರಿಗೆ ಏಪ್ರಿಲ್ 30ರವರೆಗೆ ಸಮಯ ಉಂಟು. ಇನ್ನೂ ಕಟ್ಟಿಲ್ಲ ಅಂತ ಅವರೇ ಹೇಳಿದ್ದಾರೆ. ಹಾಗಾದರೆ ಸರಿ ಮಾಡಲಿಕ್ಕೆ ಎಂತ ರೋಗ? ಅಕೌಂಟ್ಸಿನಲ್ಲಿ ಇರುವವರು ಯಾರಾದರೂ ಹೇಳಿ, ಆ ಸಾಫ್ಟ್‌ವೇರಿನಲ್ಲಿ ರಿಲೀಫಿಗೆ ಒಂದು ಜಾಗವೂ ಇಲ್ಲವಾ? ಯಾರಾದರೂ!

ನಾಳೆ ಪುನಃ ಹೋಗ್ತೇನೆ. ಹೊಸ ಚೀಟಿ ಬರೆದಾಯಿತು. ಮಗಳು ಒಳಗಿನಿಂದ ಕೂಗ್ತಿದ್ದಾಳೆ, "ಅಮ್ಮಾ, ನನ್ನ ಗಣಿತ ಪುಸ್ತಕದ ಎರಡು ಹಾಳೆ ಯಾರು ಹರಿದದ್ದು?"